ಕಾಲಿಗೆ ಕಟ್ಟಿದ ಒಂದು ಕಿಲೋ

ಮಂಡಿ ನೋವು ಅಂತ ಹೋದರೆ ಡಾಕ್ಟರು ಮೂರು ವಾರ ಗುಡ್ಡದ ಕಡೆ ತಲೆ ಹಾಕಬೇಡಿ ಎಂದುಬಿಟ್ಟರು. ಪುಣೆಯಲ್ಲಿದ್ದು, ಅದೂ ಮಳೆಗಾಲದಲ್ಲಿ, ಭಾನುವಾರ ಸಿಂಹಗಡ ಹತ್ತದೆ ಮನೆಯಲ್ಲಿ ಕೂರುವುದು ಎಂಥ ಶಿಕ್ಷೆ ಅಂತ ಇಲ್ಲಿಯವರಿಗೇ ಗೊತ್ತು. ನಡೆಯಲಾಗದಿದ್ದರೆ ನಡೆದವರ ಕಥೆಯನ್ನಾದರೂ ಓದೋಣ ಎಂದು ಗೆಳೆಯನ ಮನೆಯಿಂದ ಒಂದು ಪುಸ್ತಕ ತಂದೆ. ಅಮೆರಿಕದ ಅಪಲೇಚಿಯನ್ ಟ್ರೇಲ್ ಉದ್ದಕ್ಕೂ ನಡೆದ ಒಬ್ಬನ ನೆನಪುಗಳು. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇಯ್ನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ ಸುಮಾರು 3,500 ಕಿಲೋಮೀಟರ್ ಕಾಡುದಾರಿ. ಮುಗಿಸಲು ಐದರಿಂದ ಏಳು ತಿಂಗಳು ಹಿಡಿಯುತ್ತದೆ. ದಾರಿಯ ಏರುಗಳನ್ನೆಲ್ಲ ಕೂಡಿಸಿದರೆ ಸಮುದ್ರಮಟ್ಟದಿಂದ ಎವರೆಸ್ಟನ್ನು ಹದಿನಾರು ಸಲ ಹತ್ತಿದಷ್ಟು ಆಗುತ್ತದಂತೆ.

ಮೊದಲ ಐವತ್ತು ಪುಟ ಆತ ನಡೆಯುವುದೇ ಇಲ್ಲ. ಬರೀ ತೂಕ ಹಾಕುತ್ತಾನೆ. ಟೆಂಟು ಎಷ್ಟು ಗ್ರಾಂ, ಚಮಚ ಎಷ್ಟು ಗ್ರಾಂ, ಕಾಲುಚೀಲ ಎಷ್ಟು ಗ್ರಾಂ. ಟೂತ್‌ಬ್ರಶ್ಶಿನ ಹಿಡಿ ಅರ್ಧಕ್ಕೆ ಕತ್ತರಿಸುತ್ತಾನೆ. ನಕ್ಷೆಯ ಅಂಚಿನ ಖಾಲಿ ಕಾಗದವನ್ನೂ ಬಿಡುವುದಿಲ್ಲ. ದೂರ ನಡೆಯುವವರಿಗೆಲ್ಲ ಈ ಹುಚ್ಚು ಇರುತ್ತದೆ. ಇದನ್ನು ನಾನು ಅವ್ವನಿಗೆ ಓದಿ ಹೇಳಿದೆ. ಆಕೆ ಇಂಡಿ ಕಡೆಯವಳು. ಮಳೆಗಾಲಕ್ಕೆ ನಮ್ಮ ಮನೆಗೆ ಬಂದಿದ್ದಾಳೆ.

"ಬ್ರಶ್ ಕತ್ತರಿಸಿದ್ನಾ? ಯಾಕ, ಅವರ ಊರಾಗ ಬೇವಿನ ಕಡ್ಡಿ ಸಿಗೂದಿಲ್ಲೇನು?" ಎಂದಳು.

ನಗು ಬಂತು. ಆದರೆ ಮುಂದಿನ ಪುಟದಲ್ಲಿ ನನಗೆ ಸಿಟ್ಟೇ ಬಂತು. ಇಷ್ಟೆಲ್ಲ ತೂಗಿದ ಮಹಾನುಭಾವ ಕಾಲಿಗೆ ಹಾಕಿದ್ದು ಹರಡುಗಂಟಿನ ಮೇಲಕ್ಕೂ ಬರುವ ದಪ್ಪ ಚರ್ಮದ ಬೂಟು. ಅದನ್ನು ಮಾತ್ರ ತೂಗಲಿಲ್ಲ! ಬೆನ್ನಿನ ಮೇಲೆ ಹತ್ತು ಗ್ರಾಂ ಉಳಿಸಿ ಕಾಲಿನ ಮೇಲೆ ಒಂದು ಕಿಲೋ ಕಟ್ಟಿಕೊಂಡ. ಸೋರುವ ನಲ್ಲಿ ಬಿಟ್ಟು, ಲೋಟದ ತಳದಲ್ಲಿದ್ದ ಹನಿಯನ್ನು ಜೋಪಾನ ಮಾಡಿದ ಹಾಗೆ.

ಸಿಟ್ಟು ಬರಲು ಕಾರಣವಿದೆ. ನಾನೂ ಅದನ್ನೇ ಮಾಡಿದ್ದೆ. ಎರಡು ವರ್ಷದ ಹಿಂದೆ ಅಂಗಡಿಯವನೊಬ್ಬ "ಸಹ್ಯಾದ್ರಿಗೆ ಇದೇ ಬೇಕು ಸಾರ್, ಗಟ್ಟಿ" ಅಂತ ಒಂದು ಜೊತೆ ಬೂಟು ಮಾರಿದ್ದ. ಗಟ್ಟಿ ಇದ್ದದ್ದು ನಿಜ. ಈಗ ಈ ಪುಟ ಓದಿದ ದಿನವೇ ಮಧ್ಯಾಹ್ನ ರದ್ದಿವಾಲಾ ಬಂದ. ಹಳೇ ಪೇಪರು ತೂಗಿದ ಮೇಲೆ, "ಅಣ್ಣಾ, ಇದನ್ನೂ ಒಂದು ಸಲ ಕೊಕ್ಕೆಗೆ ಹಾಕು" ಎಂದೆ. ಎರಡೂ ಬೂಟು ಸೇರಿ ಒಂದು ಕಿಲೋ 460 ಗ್ರಾಂ. ನನ್ನ ಹಳೇ ಕ್ಯಾನ್ವಾಸ್ ಶೂ 620 ಗ್ರಾಂ. ವ್ಯತ್ಯಾಸ 840 ಗ್ರಾಂ. ಇಷ್ಟೇ ತಾನೇ ಅನ್ನಿಸಬಹುದು. ಇಷ್ಟೇ ಅಲ್ಲ, ಅದನ್ನು ಹೇಳಲಿಕ್ಕೇ ಈ ಲೇಖನ.

ಮೊದಲು ನಡಿಗೆ ಎಷ್ಟು ಅಗ್ಗದ ಕೆಲಸ ಅಂತ ನೋಡೋಣ. 60 ಕಿಲೋ ತೂಕದವರು ಸಪಾಟು ನೆಲದಲ್ಲಿ ಒಂದು ಕಿಲೋಮೀಟರ್ ನಡೆದರೆ, ಸುಮ್ಮನೆ ಕೂತಿದ್ದಾಗಿನ ಖರ್ಚು ಬಿಟ್ಟು, ಹೆಚ್ಚಿಗೆ ಸುಡುವುದು 30 ಕ್ಯಾಲರಿ ಆಸುಪಾಸು. ಇಪ್ಪತ್ತು ಕಿಲೋಮೀಟರಿಗೆ 600. ಆರೇಳು ಚಪಾತಿ, ಅಷ್ಟೇ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಿದರೆ ಏನೋ ಪವಾಡ ಆಗುತ್ತದೆ ಅಂತ ಸೊಸೈಟಿಯ ಪಾರ್ಕಿನಲ್ಲಿ ಫೋನ್ ನೋಡುತ್ತಾ ಸುತ್ತುವವರು ಇದನ್ನು ಕೇಳಿ ಬೇಜಾರಾಗುತ್ತಾರೆ. ಆ ಹತ್ತು ಸಾವಿರವೂ ಪ್ರಯೋಗಶಾಲೆಯಿಂದ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ಅದು. 'ಮಾನ್ಪೊ ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ನಡೆಯುವುದು ಒಳ್ಳೆಯದೇ. ಅಂಕಿ ಮಾತ್ರ ಅಂಗಡಿಯದ್ದು.

ನಡಿಗೆ ಇಷ್ಟು ಅಗ್ಗ ಯಾಕೆ? ಒಂದು ಬೇಯಿಸಿದ ಮೊಟ್ಟೆಯನ್ನು ಮೇಜಿನ ಮೇಲೆ ತುದಿಯಿಂದ ತುದಿಗೆ ಉರುಳಿಸಿ ನೋಡಿ. ತುದಿಯ ಮೇಲೆ ನಿಂತಾಗ ಮೇಲೇರಿ ನಿಧಾನವಾಗುತ್ತದೆ. ಮಗ್ಗುಲಿಗೆ ಬಿದ್ದಾಗ ಕೆಳಗಿಳಿದು ಜೋರಾಗುತ್ತದೆ. ಈ ಹೋಲಿಕೆ ನನ್ನದಲ್ಲ, ಜೀವನವಿಡೀ ನಡಿಗೆಯನ್ನು ಅಳೆದ ಇಟಲಿಯ ಜೊವಾನ್ನಿ ಕವಾನ್ಯಾ ಅವರದ್ದು. ನಾವು ನಡೆಯುವಾಗ ಊರಿದ ಕಾಲು ಕೋಲಿನ ಹಾಗೆ ನೆಟ್ಟಗಿರುತ್ತದೆ, ಅದರ ಮೇಲೆ ಸೊಂಟ ಕಮಾನಿನಂತೆ ಏರಿ ಇಳಿಯುತ್ತದೆ. ಏರುವಾಗ ವೇಗ ಕೊಟ್ಟು ಎತ್ತರ ಕೊಳ್ಳುತ್ತೇವೆ, ಇಳಿಯುವಾಗ ಎತ್ತರ ಕೊಟ್ಟು ವೇಗ ವಾಪಸ್ ಪಡೆಯುತ್ತೇವೆ. ತಲೆಕೆಳಗಾದ ಲೋಲಕ ಅನ್ನಿ. ಅಥವಾ ಕಾತ್ರಜ್ ಘಾಟಿನ ಉಬ್ಬುತಗ್ಗಿನ ರಸ್ತೆಯಲ್ಲಿ, ಇಳಿಜಾರಿನಲ್ಲಿ ಸಿಕ್ಕ ಓಟವನ್ನೇ ಬಳಸಿ ಮುಂದಿನ ದಿಬ್ಬ ಹತ್ತುವ ಸೈಕಲ್ ಸವಾರ ಅನ್ನಿ. ಅಥವಾ ಎಡಜೇಬಿನಿಂದ ಬಲಜೇಬಿಗೆ, ಬಲದಿಂದ ಎಡಕ್ಕೆ ಅದೇ ನೋಟನ್ನು ದಾಟಿಸುತ್ತಾ ಸಂತೆ ಮುಗಿಸಿ ಬರುವ ಜಾಣ ಅನ್ನಿ. ಒಳ್ಳೆಯ ನಡಿಗೆಯ ವೇಗದಲ್ಲಿ, ಅಂದರೆ ಗಂಟೆಗೆ ಐದು ಕಿಲೋಮೀಟರಿನ ಆಸುಪಾಸಿನಲ್ಲಿ, ಹೀಗೆ ನೂರಕ್ಕೆ ಅರವತ್ತರಷ್ಟು ಶಕ್ತಿ ಜೇಬಿನಿಂದ ಜೇಬಿಗೇ ಹೋಗುತ್ತದೆ. ಉಳಿದದ್ದಕ್ಕೆ ಮಾತ್ರ ಸ್ನಾಯು ದುಡಿಯಬೇಕು.

ಇದನ್ನು ಹುಡುಕಿದ ಕಥೆ ಇನ್ನೂ ಹಳೆಯದು. ಕಾಲು ಲೋಲಕದಂತೆ ತೂಗುತ್ತದೆ ಎಂದು ಜರ್ಮನಿಯ ವೆಬರ್ ಸಹೋದರರು 1836ರಲ್ಲೇ ಪುಸ್ತಕ ಬರೆದಿದ್ದರು. 1890ರ ದಶಕದಲ್ಲಿ ಲೈಪ್‌ಜಿಗ್ ನಗರದ ಬ್ರೌನೆ ಮತ್ತು ಫಿಶರ್ ಒಬ್ಬನಿಗೆ ಕಪ್ಪು ಬಟ್ಟೆ ತೊಡಿಸಿ, ಕೈಕಾಲಿಗೆ ಮಿನುಗುವ ಗಾಜಿನ ಕೊಳವೆ ಕಟ್ಟಿ, ಕತ್ತಲಲ್ಲಿ ನಡೆಸಿ ಫೋಟೋ ತೆಗೆದರು. ಕೊಳವೆಗೆ ಹರಿಯುತ್ತಿದ್ದದ್ದು ಕರೆಂಟು. ನಡೆಯುವವನಿಗೆ ಶಾಕ್ ಹೊಡೆಯದಂತೆ ಕಟ್ಟಿ ತಯಾರು ಮಾಡಲಿಕ್ಕೇ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅವರಿಗಿದ್ದ ಚಿಂತೆ ಸೈನಿಕನ ಬೆನ್ನಿನ ಮೂಟೆಯದ್ದು. ನೋಡಿ, ಮತ್ತೆ ಬೆನ್ನು! ಎಲ್ಲರಿಗೂ ಬೆನ್ನಿನದೇ ಚಿಂತೆ.

ಈಗ ಪಾದಕ್ಕೆ ಬರೋಣ. ನಾನು ಮುಂಬೈಯಲ್ಲಿ ಹತ್ತು ವರ್ಷ ಇದ್ದವನು, ಮಾಟುಂಗಾದಲ್ಲಿ. ಅಲ್ಲಿಯವರಿಗೆ ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ನಿಮ್ಮ ಸೊಂಟ ಸ್ಟೇಶನ್ ಬಿಟ್ಟು ಓಡುವ ಫಾಸ್ಟ್ ಲೋಕಲ್ ರೈಲು, ನಿಮ್ಮ ಪಾದ ಎಲ್ಲ ಸ್ಟೇಶನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್. ಸೊಂಟ, ಬೆನ್ನು, ತಲೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಾಗುತ್ತಿರುತ್ತವೆ. ಪಾದ ಹಾಗಲ್ಲ. ಪ್ರತಿ ಹೆಜ್ಜೆಗೂ ಪೂರಾ ನಿಲ್ಲುತ್ತದೆ, ಮತ್ತೆ ಸೊನ್ನೆಯಿಂದ ಹೊರಡುತ್ತದೆ. ಚರ್ಚ್‌ಗೇಟ್, ಮರೀನ್ ಲೈನ್ಸ್, ಚರ್ನಿ ರೋಡ್, ಗ್ರಾಂಟ್ ರೋಡ್. ನಿಲ್ಲು, ಹೊರಡು, ನಿಲ್ಲು, ಹೊರಡು.

ಲೆಕ್ಕ ಇನ್ನೂ ಮಜವಾಗಿದೆ. ಒಂದು ಪಾದ ತನ್ನ ಸಮಯದ ಸುಮಾರು 60 ಭಾಗ ನೆಲದ ಮೇಲೆ ನಿಂತೇ ಇರುತ್ತದೆ. ಉಳಿದ 40 ಭಾಗದಲ್ಲೇ ಅದು ದೇಹದ ಜೊತೆ ಸರಿಗಟ್ಟಬೇಕು. ಹಾಗಾಗಿ ದೇಹ ಗಂಟೆಗೆ 5 ಕಿಲೋಮೀಟರ್ ಹೋಗುತ್ತಿದ್ದರೆ ಗಾಳಿಯಲ್ಲಿರುವ ಪಾದ ಸರಾಸರಿ 12.5ರಲ್ಲಿ ಓಡುತ್ತಿರುತ್ತದೆ. ಎರಡೂವರೆ ಪಟ್ಟು. ಚಲನೆಯ ಶಕ್ತಿ ವೇಗದ ವರ್ಗದ ಜೊತೆ ಏರುತ್ತದೆ, ಅಂದರೆ ಎರಡೂವರೆಯ ಎರಡೂವರೆ, ಆರು ಪಟ್ಟು ಮಿಕ್ಕಿ. ಬೂಟಿನಲ್ಲಿರುವ ಒಂದೊಂದು ಗ್ರಾಮಿಗೂ ಈ ಶಕ್ತಿ ಕೊಡಬೇಕು, ಕೊಟ್ಟು ಮರುಕ್ಷಣ ಬ್ರೇಕ್ ಹಾಕಬೇಕು. ಇಪ್ಪತ್ತು ಕಿಲೋಮೀಟರಿಗೆ ಒಂದೊಂದು ಕಾಲೂ ಹೀಗೆ ಸುಮಾರು 14,000 ಸಲ ನಿಂತು ಹೊರಡುತ್ತದೆ. ಈಗಿನ ಲೋಕಲ್ ರೈಲಿನಲ್ಲಿ ಬ್ರೇಕ್ ಹಾಕಿದಾಗ ಕರೆಂಟು ತಂತಿಗೆ ವಾಪಸ್ ಹೋಗುತ್ತದೆ. ಕಾಲಿನಲ್ಲೂ ತೂಗಾಟದಿಂದ ಮತ್ತು ಸ್ನಾಯುರಜ್ಜುಗಳಿಂದ ಒಂದಿಷ್ಟು ವಾಪಸ್ ಬರುತ್ತದೆ, ಆದರೆ ಪೂರಾ ಅಲ್ಲ. ಬಾಕಿಯೆಲ್ಲ ಬೆವರು. ಅದರ ಮೇಲೆ ಏರುದಾರಿಯಲ್ಲಿ ಬೂಟನ್ನು ಪ್ರತಿ ಸಲ ಕಲ್ಲಿನ ಮೇಲಕ್ಕೆ ಎತ್ತಬೇಕು.

ಸುಮ್ನೆ ಲೆಕ್ಕ ಹಾಕಿ ಹೇಳುತ್ತಿಲ್ಲ. 1969ರಲ್ಲಿ ಅಮೆರಿಕದ ಸೈನ್ಯದ ಸಂಶೋಧಕರಾದ ಸೂಲ್ ಮತ್ತು ಗೋಲ್ಡ್‌ಮನ್ ತಲೆ, ಕೈ, ಪಾದಗಳ ಮೇಲೆ ಭಾರ ಹೊರಿಸಿ, ಉಸಿರಿನ ಲೆಕ್ಕದಿಂದ ಶಕ್ತಿಯ ಖರ್ಚು ಅಳೆದರು. ನಮ್ಮದೇ ದೇಹದ ಒಂದು ಕಿಲೋ ಸಾಗಿಸುವ ಖರ್ಚು 1 ಎಂದಿಟ್ಟುಕೊಂಡರೆ ತಲೆಯ ಮೇಲಿನ ಕಿಲೋಗೆ 1.2. ಕೈಯಲ್ಲಿ ಹಿಡಿದರೆ 1.9. ಪಾದಕ್ಕೆ ಕಟ್ಟಿದರೆ, ನಡೆಯುವ ವೇಗ ಹೆಚ್ಚಿದಂತೆ, 4.2ರಿಂದ 6.3. ಅಂದರೆ ನನ್ನ 840 ಗ್ರಾಂ ಲೆಕ್ಕಕ್ಕೆ ಮೂರೂವರೆಯಿಂದ ಐದು ಕಿಲೋ. ಎರಡು ವರ್ಷ ನಾನು ಪ್ರತಿ ಭಾನುವಾರ ಕಾಣದ ನಾಲ್ಕು ಲೀಟರ್ ನೀರಿನ ಬಾಟಲಿ ಹೊತ್ತು ಸಿಂಹಗಡ ಹತ್ತಿದ್ದೇನೆ! ಅಷ್ಟು ಹೊತ್ತರೂ ಮೇಲೆ ಹೋಗಿ ತಿಂದ ಪಿಠ್ಲ, ಭಾಕ್ರಿ, ಕಾಂದಾ ಭಜಿ, ಮಡಿಕೆ ಮೊಸರಿನ ಲೆಕ್ಕ ಚುಕ್ತಾ ಆಗಲಿಲ್ಲ. 600 ಮೀಟರ್ ಏರಿಗೆ ಸುಡುವುದು 350 ಕ್ಯಾಲರಿ ಆಸುಪಾಸು. ಒಂದು ಪ್ಲೇಟ್ ಭಜಿ ಅದನ್ನು ನುಂಗಿ ನೀರು ಕುಡಿಯುತ್ತದೆ.

ತಲೆಯ ಮೇಲೆ 1.2 ಎಂದೆನಲ್ಲ, ಅಲ್ಲಿ ಅವ್ವ ಮತ್ತೆ ಬಾಯಿ ಹಾಕಿದಳು. "ಸಿಂಬಿ ಸರಿ ಕುಂತ್ರ ಕೊಡ ಇರೋದೇ ಗೊತ್ತಾಗೂದಿಲ್ಲ" ಎಂದಳು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. 1986ರಲ್ಲಿ ಕೀನ್ಯಾದ ಲುವೊ ಮತ್ತು ಕಿಕುಯು ಹೆಂಗಸರನ್ನು ಪರೀಕ್ಷಿಸಿದವರಿಗೆ ಇದೇ ಕಂಡಿತು. ತಮ್ಮ ತೂಕದ ಐದನೇ ಒಂದು ಭಾಗದವರೆಗೆ ಹೊತ್ತರೂ ಅವರ ಖರ್ಚು ಏರಲೇ ಇಲ್ಲ. ಮೊಟ್ಟೆ ಉರುಳುವ ಆ ಜೇಬು ಬದಲಾವಣೆ ಭಾರ ಹೊತ್ತಾಗ ಇನ್ನೂ ಚೊಕ್ಕವಾಗುತ್ತದೆ ಅಂತ 1995ರಲ್ಲಿ ಕಾರಣವೂ ಸಿಕ್ಕಿತು. ಆದರೆ 2010ರ ಹೊತ್ತಿಗೆ ದಕ್ಷಿಣ ಆಫ್ರಿಕಾದ ಹೆಂಗಸರನ್ನು ಅಳೆದ ಇನ್ನೊಂದು ತಂಡಕ್ಕೆ ಈ ಪುಕ್ಕಟೆ ಸವಾರಿ ಸಿಗಲಿಲ್ಲ. ಒಬ್ಬೊಬ್ಬರದು ಒಂದೊಂದು ಥರ. ಕುತ್ತಿಗೆ ನೋವು ಮಾತ್ರ ಹಲವರಿಗೆ ಇತ್ತು. ಅವ್ವನಿಗೆ ಈ ಎರಡನೆಯ ಭಾಗ ಇಷ್ಟವಾಗಲಿಲ್ಲ. ಆಕೆಯ ಕುತ್ತಿಗೆಗೆ ರಾತ್ರಿ ಎಣ್ಣೆ ತಿಕ್ಕುವವನು ನಾನೇ, ಆದ್ದರಿಂದ ನಾನು ವಾದ ಬೆಳೆಸಲಿಲ್ಲ.

ಪುಸ್ತಕ ಅರ್ಧ ಮುಗಿಯುವ ಹೊತ್ತಿಗೆ ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಾಲಖಿ, ಅಂದರೆ ಪಲ್ಲಕ್ಕಿ ಮೆರವಣಿಗೆ, ಪುಣೆಗೆ ಬಂದವು. ಪಂಢರಪುರಕ್ಕೆ ಇನ್ನೂರೈವತ್ತು ಕಿಲೋಮೀಟರ್, ಮೂರು ವಾರದ ನಡಿಗೆ. ನಾವು ಕನ್ನಡದವರಿಗೆ ಇದು ಪರರ ಜಾತ್ರೆಯಲ್ಲ. 'ಕಾನಡಾ ಹೋ ವಿಠ್ಠಲು', ಅಂದರೆ ವಿಠ್ಠಲ ಕನ್ನಡದವನು ಅಂತ ಜ್ಞಾನೇಶ್ವರರೇ ಹಾಡಿದ್ದಾರೆ, ಅಲ್ವಾ? ಅವ್ವನೂ ಹರೆಯದಲ್ಲಿ ನಮ್ಮೂರ ದಿಂಡಿಯ, ಅಂದರೆ ಭಜನೆ ಮಾಡುತ್ತಾ ನಡೆಯುವ ಗುಂಪಿನ ಜೊತೆ ಎರಡು ಸಲ ನಡೆದು ಹೋಗಿದ್ದಾಳೆ.

ಪಾಲಖಿ ಬಂದ ದಿನವೇ ಸೊಸೈಟಿಯ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡಿತು. ವಾರಕರಿಗಳು, ಅಂದರೆ ಹೀಗೆ ಪಂಢರಪುರಕ್ಕೆ ನಡೆಯುವ ಭಕ್ತರು, ದಣಿಯುವುದೇ ಇಲ್ಲ, ಬರಿಗಾಲಿನಿಂದ ಭೂಮಿಯ ಎಲೆಕ್ಟ್ರಾನುಗಳು ಮೈಗೆ ಏರಿ ದಣಿವನ್ನು ಹೀರಿಕೊಳ್ಳುತ್ತವೆ, ಇದನ್ನು ವಿಜ್ಞಾನವೇ ಒಪ್ಪಿದೆ, ಅಂತ. ಯಾವ ವಿಜ್ಞಾನವಪ್ಪಾ? ಡಾಂಬರು ರಸ್ತೆಯಿಂದ ಎಲೆಕ್ಟ್ರಾನು ಕುಡಿದು ಯಾರ ಸ್ನಾಯುವೂ ದಣಿವಾರಿಸಿಕೊಳ್ಳುವುದಿಲ್ಲ. ನನಗೆ ಭಕ್ತಿಯ ಮೇಲೆ ಸಿಟ್ಟಿಲ್ಲ. ಭಕ್ತಿಗೆ ಎಲೆಕ್ಟ್ರಾನಿನ ಅಂಗಿ ಹೊಲಿಸುವವರ ಮೇಲೆ ಸಿಟ್ಟು. ವಾರಕರಿಗಳು ದಣಿಯುತ್ತಾರೆ, ಚೆನ್ನಾಗಿಯೇ ದಣಿಯುತ್ತಾರೆ. ಪುಣೆಯಲ್ಲಿ ಅವರ ಕಾಲು ಒತ್ತಲು, ಬೊಬ್ಬೆಗೆ ಪಟ್ಟಿ ಕಟ್ಟಲು, ಕಿತ್ತ ಚಪ್ಪಲಿ ಹೊಲಿದುಕೊಡಲು ಜನ ಸಾಲುಗಟ್ಟಿ ಕೂರುವುದನ್ನು ಈ ಮೆಸೇಜ್ ಕಳಿಸಿದವರು ಬಾಲ್ಕನಿಯಿಂದಲಾದರೂ ನೋಡಿದ್ದರೆ ಸಾಕಿತ್ತು. ಬರಿಗಾಲಿನ ನಿಜವಾದ ಸಂಗತಿಯೇ ಸ್ವಾರಸ್ಯವಾಗಿದೆ. 2019ರಲ್ಲಿ ಕೀನ್ಯಾದಲ್ಲಿ ನಡೆದ ಅಧ್ಯಯನದ ಪ್ರಕಾರ ಬರಿಗಾಲಿನವರ ಅಂಗಾಲಿನ ಚರ್ಮ ದಪ್ಪವಾದರೂ ನೆಲದ ಸ್ಪರ್ಶ ಮಂಕಾಗುವುದಿಲ್ಲ. ಕಾಪಾಡುತ್ತದೆ, ಆದರೆ ಮರೆಮಾಡುವುದಿಲ್ಲ. ಯಾವ ಬೂಟಿಗೆ ಇದು ಸಾಧ್ಯ? ಹಾಗಂತ ಪೇಟೆಯಲ್ಲಿ ಬೆಳೆದ ಮೆತ್ತಗಿನ ಪಾದ ನಾಳೆಯೇ ಬರಿಗಾಲಲ್ಲಿ ಹೊರಟರೆ ಸಂಜೆಗೆ ಆಸ್ಪತ್ರೆ.

ನನ್ನ ಪುಸ್ತಕದವನಿಗೆ ಬುದ್ಧಿ ಹೇಳಬಲ್ಲವರು ಅವನ ದಾರಿಯಲ್ಲೇ ಹಿಂದೆ ಒಬ್ಬರು ನಡೆದಿದ್ದರು. ಒಹಾಯೊದ ಎಮ್ಮಾ ಗೇಟ್‌ವುಡ್. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, ಒಂಟಿಯಾಗಿ ಇಡೀ ಅಪಲೇಚಿಯನ್ ಟ್ರೇಲ್ ಮುಗಿಸಿದರು. ಹಾಗೆ ಮುಗಿಸಿದ ಮೊದಲ ಹೆಂಗಸು ಅವರೇ. ಟೆಂಟಿಲ್ಲ, ಮಲಗುವ ಚೀಲ ಇಲ್ಲ. ಮಳೆಗೆ ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ. ಒಂದು ಹೆಗಲಿಗೆ ತಾವೇ ಹೊಲಿದ ಚೀಲ. ಕಾಲಿಗೆ ಕೆಡ್ಸ್ ಕಂಪನಿಯ ಕ್ಯಾನ್ವಾಸ್ ಶೂ. 1957ರಲ್ಲಿ ಮತ್ತೊಮ್ಮೆ ಅದೇ ದಾರಿ ಪೂರ್ತಿ ನಡೆದರು. ಅವರು ಲೋಲಕದ ಲೆಕ್ಕ ಹಾಕಿರಲಿಕ್ಕಿಲ್ಲ. ಕಾಲಿಗೆ ಹಗುರ ಅನ್ನಿಸಿದ್ದನ್ನು ಹಾಕಿಕೊಂಡರು, ಅಷ್ಟೇ.

ಪಾಲಖಿ ಪುಣೆಯಿಂದ ಹೊರಟ ದಿನ ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ದಿವೆ ಘಾಟಿನ ಬುಡದವರೆಗೆ ಹೋದೆ. ಜ್ಞಾನೇಶ್ವರರ ಪಾಲಖಿ ಅಲ್ಲಿಂದಲೇ ಘಾಟು ಹತ್ತಿ ಸಾಸವಡಕ್ಕೆ ಹೋಗುತ್ತದೆ. ಅವತ್ತು ದೊಡ್ಡ ನಡಿಗೆಯ ದಿನ. ಜಿನುಗು ಮಳೆ. ತಲೆಯ ಮೇಲೆ ತುಳಸಿಕಟ್ಟೆ ಹೊತ್ತ ಹೆಂಗಸರು ತಾಳದ ಲಯಕ್ಕೆ ಹೆಜ್ಜೆ ಹಾಕುತ್ತಾ ಬಂದರು. ತುಳಸಿ ಅಲುಗುತ್ತಿರಲಿಲ್ಲ. ನಾನು ಎಲ್ಲರ ಪಾದವನ್ನೇ ನೋಡುತ್ತಾ ನಿಂತೆ. ರಬ್ಬರ್ ಚಪ್ಪಲಿ, ಪ್ಲಾಸ್ಟಿಕ್ ಚಪ್ಪಲಿ, ಬರಿಗಾಲು, ಮತ್ತೆ ರಬ್ಬರ್ ಚಪ್ಪಲಿ. ಚರ್ಮದ ಬೂಟು ಒಂದೂ ಕಣ್ಣಿಗೆ ಬೀಳಲಿಲ್ಲ.

"ನಿನ್ನ ಬೂಟು ಎಷ್ಟಂದಿ?" ಎಂದು ಅವ್ವ ಕೇಳಿದಳು.

"ಒಂದೂವರೆ ಕಿಲೋ."

ಅವ್ವ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. "ಅಂದ್ರ ಒಂದೂವರೆ ಸೇರು ಜೋಳ ಕಾಲಿಗೆ ಕಟಗೊಂಡು ಗುಡ್ಡ ಹತ್ತೀಯಲ್ಲೋ," ಎಂದಳು. "ತಲಿ ಮ್ಯಾಲ ಇಟಗೊಂಡಿದ್ರ ಛಲೋ ಇತ್ತು."