ಮೆಟ್ಟಿಲು ಬಿಟ್ಟು ಹಗ್ಗ ಹಿಡಿದ ಮೇಲೆ ಹೋದ ನಾರುಹುಣ್ಣು

ಚಿತ್ರದುರ್ಗದ ಕೋಟೆಗೆ ಬಂದವರು ಅಲ್ಲಿನ ನೀರಿನ ಏರ್ಪಾಟು ಕಂಡು ಬೆರಗಾಗುತ್ತಾರೆ. ಬೆಟ್ಟದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿ ಹೊಂಡಕ್ಕೆ ಹರಿದು, ಕೆಳಗೆ ಸಿಹಿನೀರು ಹೊಂಡ, ಸಂತೆಹೊಂಡಕ್ಕೆ ಇಳಿಯುತ್ತದೆ. ನಮ್ಮಂಥ ಬರದ ಸೀಮೆಯಲ್ಲಿ ಇದು ಸಣ್ಣ ಕೆಲಸ ಅಲ್ಲ. ಇಂಥ ಹೊಂಡಗಳಿಗೆ, ಹಳ್ಳಿಗಳ ಹಳೇ ಬಾವಿಗಳಿಗೆ ಮೆಟ್ಟಿಲು ಇರುತ್ತವೆ. ಕೊಡ ಹಿಡಿದು ಇಳಿಯಬೇಕು, ನೀರಲ್ಲಿ ಕಾಲಿಟ್ಟು ತುಂಬಿಕೊಳ್ಳಬೇಕು. ಹೀಗೆ ನೀರಿಗಿಳಿದ ಕಾಲನ್ನೇ ನಂಬಿ ಒಂದು ಕಾಯಿಲೆ ಬದುಕಿತ್ತು.

ಅದೇ ನಾರುಹುಣ್ಣು. ಈಗಿನ ಹುಡುಗರು ಹೆಸರೂ ಕೇಳಿರಲಿಕ್ಕಿಲ್ಲ.

ಕಾಲಲ್ಲಿ ಒಂದು ಬೊಬ್ಬೆ ಏಳುತ್ತದೆ. ಕೆಂಡ ಇಟ್ಟ ಹಾಗೆ ಉರಿ. ತಂಪಾಗಲಿ ಅಂತ ನೀರಿಗಿಟ್ಟರೆ ಬೊಬ್ಬೆ ಒಡೆದು, ಒಳಗಿನ ಹುಳು ಲೆಕ್ಕವಿಲ್ಲದಷ್ಟು ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ ಸಣ್ಣ ನೀರುಜೀವಿ ಅವನ್ನು ನುಂಗುತ್ತದೆ. ಆ ನೀರು ಕುಡಿದವರಿಗೆ ಹೆಚ್ಚುಕಮ್ಮಿ ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಅವರ ಕಾಲಲ್ಲೂ ಬೊಬ್ಬೆ.

ಹುಳು 60ರಿಂದ 100 ಸೆಂಟಿಮೀಟರ್ ಉದ್ದ. ಜೋರಾಗಿ ಎಳೆದರೆ ತುಂಡಾಗಿ, ಕಾಲು ಬಾತು ಕೀವಾಗುತ್ತದೆ. ಅದಕ್ಕೇ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದೆರಡು ಬೆರಳಗಲದಷ್ಟೇ ಹೊರಗೆ ತೆಗೆಯಬೇಕು. ವಾರಗಟ್ಟಲೆ ಇದೇ ಕೆಲಸ. ಕೂಲಿ ಮಾಡಿ ಉಣ್ಣುವ ಮನೆಯಲ್ಲಿ ದುಡಿಯುವವರೇ ಹೀಗೆ ಮಲಗಿದರೆ ಗತಿ ಏನು?

ಇದಕ್ಕೆ ಇವತ್ತಿಗೂ ಲಸಿಕೆ ಇಲ್ಲ, ಹುಳು ಕೊಲ್ಲುವ ಮಾತ್ರೆಯೂ ಇಲ್ಲ. 1984ರಲ್ಲಿ ದೇಶದ ಏಳು ರಾಜ್ಯಗಳಲ್ಲಿ ಸುಮಾರು 40,000 ಜನರಿಗೆ ಈ ಹುಣ್ಣು ಇತ್ತು. ಆ ಏಳರಲ್ಲಿ ಕರ್ನಾಟಕವೂ ಒಂದು. ಸರ್ಕಾರದ ನಿರ್ಮೂಲನಾ ಕಾರ್ಯಕ್ರಮ ಶುರುವಾಗಿದ್ದೂ ಆಗಲೇ. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿ ಮಾಡಿದರು. ಕೈಪಂಪು ಹಾಕಿದರು. ಸೈಕ್ಲಾಪ್ಸ್ ಸಾಯಲಿ ಅಂತ ನೀರಿಗೆ ಟೆಮಿಫಾಸ್ ಬಿಟ್ಟರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಊರೂರಿಗೆ ಹೋಗಿ ಹೇಳಿದರು, ಹುಣ್ಣು ಇದ್ದವರನ್ನು ಮನೆಮನೆ ಸುತ್ತಿ ಹುಡುಕಿದರು. ನಮ್ಮಜ್ಜಿ ಕೊಡದ ಬಾಯಿಗೆ ಹಳೇ ಸೀರೆಯ ತುಂಡನ್ನು ಮಡಚಿ ಕಟ್ಟದೆ ನೀರು ಹಿಡಿದಿದ್ದನ್ನು ನಾನು ನೋಡಿಲ್ಲ. ಆ ಬಟ್ಟೆ ತುಂಡಿಗೆ ಇಷ್ಟು ಶಕ್ತಿ ಇತ್ತು ಅಂತ ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ನಾರುಹುಣ್ಣು ಮುಕ್ತ ಅಂತ ಪ್ರಮಾಣಪತ್ರ ಕೊಟ್ಟಿತು. ಸಿಡುಬು ಹೋದದ್ದನ್ನು ಎಲ್ಲರೂ ನೆನೆಯುತ್ತಾರೆ. ಬಾವಿಕಟ್ಟೆ, ಹಗ್ಗ, ಬಟ್ಟೆಯಿಂದ ಗೆದ್ದ ಇದು ನನಗೆ ಅದಕ್ಕಿಂತ ಕಮ್ಮಿ ಅನ್ನಿಸುವುದಿಲ್ಲ.

ಆದರೆ ನೀರಿನ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ಕೊಳವೆಬಾವಿ ನೀರಲ್ಲಿ ಹುಳು ಇರಲಿಲ್ಲ ನಿಜ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಅದರಲ್ಲಿ ಫ್ಲೋರೈಡ್ ಇತ್ತು. ಹಲ್ಲು ಕಂದಾಯಿತು, ಜಾಸ್ತಿ ವರ್ಷ ಕುಡಿದವರ ಕೀಲು, ಮೂಳೆ ಬಿಗಿದವು. ಅದನ್ನು ಸೀರೆ ತುಂಡು ಸೋಸಲಾರದು. ಇನ್ನು 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜೀವಗಳೇ ಹೋದವು, ವಾಂತಿಭೇದಿಯಿಂದ ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಅವರು ಕುಡಿದಿದ್ದು ಹೊಂಡದ ನೀರಲ್ಲ, ನಲ್ಲಿ ನೀರು.