ದಿನನಿತ್ಯದ ಸಿಡುಕು: ಕಾರಣ ಒಂದು ಕಡೆ, ಸಿಡಿಯುವುದು ಇನ್ನೊಂದು ಕಡೆ

ಮನೋವಿಜ್ಞಾನ ಓದುವಾಗ ನಾವು ಕೋಪಕ್ಕೆ ಕೊಡುವ ಗಮನವನ್ನು ಸಿಡುಕಿಗೆ ಕೊಡುವುದಿಲ್ಲ. ಮನೆಯೊಳಗೆ ದಿನವೂ ನೋಯಿಸುವುದು ಮಾತ್ರ ಸಿಡುಕೇ. ಕೋಪಕ್ಕೆ ಸಾಮಾನ್ಯವಾಗಿ ಒಂದು ಗುರಿಯಿರುತ್ತದೆ: ಯಾರೋ ಅನ್ಯಾಯ ಮಾಡಿದರು, ಮಾತಿಗೆ ತಪ್ಪಿದರು. ಸಿಡುಕೆಂದರೆ ಸಹನೆಯ ಮಟ್ಟವೇ ಕೆಳಗಿಳಿದಿರುವ ಸ್ಥಿತಿ. ಆಗ ಎದುರಿಗೆ ಯಾರು ಸಿಕ್ಕರೂ ಅವರೇ ಗುರಿ. ಇದೊಂದನ್ನು ಹಿಡಿದುಕೊಂಡು ಓದಿದರೆ ಮುಂದಿನ ಸಿದ್ಧಾಂತಗಳು ಸುಲಭವಾಗುತ್ತವೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಏಪ್ರಿಲ್ ತಿಂಗಳ ಕಲಬುರಗಿ, ನಲವತ್ತು ಡಿಗ್ರಿ ದಾಟಿದ ಬಿಸಿಲು. ಶಿಕ್ಷಕಿಯೊಬ್ಬರು ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿ, ಅರೆಹೊಟ್ಟೆಯಲ್ಲಿ, ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದಿದ್ದಾರೆ. ಮಗಳು ಕೇಳುತ್ತಾಳೆ: "ಅವ್ವಾ, ನನ್ನ ಕಂಪಾಸ್ ಬಾಕ್ಸ್ ಎಲ್ಲಿ?" ಉತ್ತರ ಸಿಡಿಯುತ್ತದೆ: "ಎಲ್ಲವನ್ನೂ ನನ್ನನ್ನೇ ಕೇಳಬೇಕೇ?"

1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು ಹೇಳಿದ್ದು: ಗುರಿಗೆ ಅಡ್ಡಿಯಾದಾಗ ಆಕ್ರಮಣಶೀಲತೆ ಹುಟ್ಟುತ್ತದೆ. ಆದರೆ ಈ ತಾಯಿಗೆ ಮಗಳು ಯಾವ ಅಡ್ಡಿಯನ್ನೂ ಮಾಡಿಲ್ಲ. 1989ರಲ್ಲಿ ಲೆನರ್ಡ್ ಬರ್ಕೊವಿಟ್ಜ್ ಈ ಸಿದ್ಧಾಂತವನ್ನು ತಿದ್ದಿದರು. ಅಡ್ಡಿಯೇ ಬೇಕೆಂದಿಲ್ಲ, ಸೆಕೆ, ನೋವು, ಗದ್ದಲ ಹೀಗೆ ಹಿತವಲ್ಲದ ಯಾವ ಅನುಭವವಾದರೂ ಸಾಕು ಎಂದರು. ನಮ್ಮ ವಿಷಯಕ್ಕೆ ಹೆಚ್ಚು ಒಪ್ಪುವುದು ಈ ತಿದ್ದುಪಡಿ.

ಇನ್ನೂ ಉಪಯುಕ್ತವಾದದ್ದು ಡಾಲ್ಫ್ ಜಿಲ್‌ಮನ್ ಅವರ ಉದ್ರೇಕ ವರ್ಗಾವಣೆ ಸಿದ್ಧಾಂತ. ಎದೆಬಡಿತ, ಬಿಗಿದ ಸ್ನಾಯುಗಳು, ಏರಿದ ರಕ್ತದೊತ್ತಡ, ಇಂಥ ದೇಹದ ಉದ್ರೇಕ ಅದರ ಕಾರಣ ಮುಗಿದ ಕೂಡಲೇ ಇಳಿಯುವುದಿಲ್ಲ. ಬಸ್ಸನ್ನು ಮನಸ್ಸು ಮರೆತಿರುತ್ತದೆ, ದೇಹ ಮರೆತಿರುವುದಿಲ್ಲ. ಉಳಿದ ಆ ಉದ್ರೇಕ ಮುಂದಿನ ಘಟನೆಯ ಲೆಕ್ಕಕ್ಕೆ ಸೇರಿ, ಮಗಳ ಪ್ರಶ್ನೆಯೇ ತಲೆ ಕೆಡಿಸಿತು ಎನ್ನಿಸುತ್ತದೆ. ಇಲ್ಲಿ ಅಡಿಗೆರೆ ಹಾಕಬೇಕಾದ ಅಂಶವೊಂದಿದೆ: ಉದ್ರೇಕದ ನಿಜವಾದ ಮೂಲ ಗೊತ್ತಿದ್ದರೆ ಈ ವರ್ಗಾವಣೆ ದುರ್ಬಲವಾಗುತ್ತದೆ. "ನನಗೆ ಹಸಿವಾಗಿದೆ, ಬಿಸಿಲಿನಿಂದ ಬಂದಿದ್ದೇನೆ, ಹತ್ತು ನಿಮಿಷ ಕೊಡು ಪುಟ್ಟೀ" ಎನ್ನುವ ಮಾತು ಬರಿಯ ಸೌಜನ್ಯವಲ್ಲ, ಚಿಕಿತ್ಸೆಯ ಕೆಲಸವನ್ನೇ ಮಾಡುತ್ತದೆ.

ನಿದ್ರೆಯ ಬಗ್ಗೆ 2007ರ ಒಂದು ಅಧ್ಯಯನ ಪ್ರಸಿದ್ಧ. ಸುಮಾರು 35 ಗಂಟೆ ನಿದ್ರೆಯಿಲ್ಲದವರಿಗೆ ಅಹಿತಕರ ಚಿತ್ರಗಳನ್ನು ತೋರಿಸಿದಾಗ, ಭಯ, ಕೋಪದಂಥ ಭಾವನೆಗಳಿಗೆ ಸ್ಪಂದಿಸುವ ಮೆದುಳಿನ ಅಮಿಗ್ಡಲಾ ಭಾಗದ ಪ್ರತಿಕ್ರಿಯೆ ನಿದ್ರಿಸಿದವರಿಗಿಂತ ಶೇಕಡ 60ರಷ್ಟು ಹೆಚ್ಚಾಗಿತ್ತು. ಅದಕ್ಕೆ ಕಡಿವಾಣ ಹಾಕುವ ಮೆದುಳಿನ ಮುಂಭಾಗದೊಂದಿಗಿನ ಸಂಪರ್ಕವೂ ಸಡಿಲವಾಗಿತ್ತು. ಒಂದೆರಡು ಗಂಟೆ ಕಡಿಮೆ ಮಲಗಿದವರಿಗೂ ಇದೇ ಅಂಕಿಯನ್ನು ಅನ್ವಯಿಸಬೇಡಿ. ದಿಕ್ಕನ್ನು ಮಾತ್ರ ಗಮನಿಸಿ.

ನಿರ್ವಹಣೆಗೆ ಜೇಮ್ಸ್ ಗ್ರಾಸ್ ಅವರ 1998ರ ಮಾದರಿಯನ್ನು ನೆನಪಿಡಿ. ಭಾವನೆಯನ್ನು ಐದು ಹಂತಗಳಲ್ಲಿ ನಿಯಂತ್ರಿಸಬಹುದು: ಸನ್ನಿವೇಶದ ಆಯ್ಕೆ, ಅದರ ಬದಲಾವಣೆ, ಗಮನದ ತಿರುವು, ಅರ್ಥದ ಮರುಚಿಂತನೆ, ಕೊನೆಗೆ ಪ್ರತಿಕ್ರಿಯೆಯ ಹತೋಟಿ. ನಮ್ಮಲ್ಲಿ ಕೊಡುವ "ತಾಳ್ಮೆ ತಂದುಕೋ" ಎಂಬ ಉಪದೇಶವೆಲ್ಲ ಕೊನೆಯ ಹಂತಕ್ಕೆ ಸೇರಿದ್ದು, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೊರಗೆ ತೋರಿಸದೆ ಅದುಮಿಟ್ಟರೂ ದೇಹದ ಉದ್ರೇಕ ಇಳಿಯುವುದಿಲ್ಲ ಎಂದು ಗ್ರಾಸ್ ಅವರ ಪ್ರಯೋಗಗಳೇ ತೋರಿಸಿವೆ. ಮೌಲ್ಯಮಾಪನದ ದಿನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚು ಒಯ್ಯುವುದು, ಮನೆಗೆ ಬಂದೊಡನೆ ಮುಖ ತೊಳೆದು ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು ಮೊದಲೆರಡು ಹಂತಗಳ ಉಪಾಯಗಳು. ನನ್ನ ದೃಷ್ಟಿಯಲ್ಲಿ ಹೆಚ್ಚು ಫಲ ಕೊಡುವುದು ಇವೇ.

ಕೂಗಾಡಿದರೆ ಹಗುರಾಗುತ್ತದೆ ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೋಪ ತರಿಸಿದವರನ್ನು ನೆನೆಯುತ್ತ ಪಂಚಿಂಗ್ ಬ್ಯಾಗಿಗೆ ಗುದ್ದಿದವರ ಕೋಪ ಎಲ್ಲರಿಗಿಂತ ಹೆಚ್ಚಾಗಿತ್ತು. ಎರಡು ನಿಮಿಷ ಏನೂ ಮಾಡದೆ ಕುಳಿತವರು ಅವರಿಗಿಂತ ಶಾಂತವಾಗಿದ್ದರು.

ವಾರಗಟ್ಟಲೆ ಬಿಡದ ಸಿಡುಕನ್ನು ಸ್ವಭಾವವೆಂದು ತಳ್ಳಿಹಾಕಬಾರದು. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ಖಿನ್ನತೆ, ಆತಂಕ, ಮುಟ್ಟಿನ ಮುಂಚಿನ ದಿನಗಳ ಏರುಪೇರು, ದಿನವೂ ಕುಡಿಯುವ ಕಾಫಿಯನ್ನು ಥಟ್ಟನೆ ನಿಲ್ಲಿಸಿದ್ದು, ಇವೆಲ್ಲ ಕಾರಣಗಳಾಗಬಹುದು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಖಿನ್ನತೆ ದುಃಖಕ್ಕೆ ಬದಲು ಸಿಡುಕಿನ ರೂಪದಲ್ಲೇ ಕಾಣಿಸಿಕೊಳ್ಳಬಹುದು. ಹೆತ್ತವರು ಅದನ್ನು ಉದ್ಧಟತನವೆಂದು ತಿಳಿದು ಬೈಯುವುದು ನಿಜಕ್ಕೂ ಸಂಕಟದ ಸಂಗತಿ. ಇಂಥ ಸಂದರ್ಭದಲ್ಲಿ ವೈದ್ಯರನ್ನು ಕಾಣಬೇಕು. ಕೂಡಲೇ ಯಾರೊಂದಿಗಾದರೂ ಮಾತನಾಡಬೇಕೆನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೂ ಮಾತನಾಡಬಹುದು.