ವಿಂಡ್‌ರಶ್ ಪೀಳಿಗೆಯ ಹತ್ತಿರ ಕಾಗದ ಯಾಕಿರಲಿಲ್ಲ?

ಬ್ರಿಟನ್ನಿನ ವಲಸೆ ಕೇಸುಗಳನ್ನು ನೋಡುವುದು ನನ್ನ ಕೆಲಸ. 1948ರಿಂದ 1973ರ ಹೊತ್ತಿಗೆ ಕೆರಿಬಿಯನ್ ಮುಂತಾದ ಬ್ರಿಟಿಷ್ ವಸಾಹತುಗಳಿಂದ ಕಾನೂನುಬದ್ಧವಾಗಿ ಬಂದು ಬ್ರಿಟನ್ನಿನಲ್ಲಿ ನೆಲೆಸಿದವರನ್ನು ವಿಂಡ್‌ರಶ್ ಪೀಳಿಗೆ ಎನ್ನುತ್ತಾರೆ. ಕಾಗದ ಇಲ್ಲ ಎಂದು ಅವರನ್ನೇ ಅಕ್ರಮ ವಲಸಿಗರಂತೆ ಕಂಡದ್ದು ವಿಂಡ್‌ರಶ್ ಹಗರಣ. ಅದರ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ: ‘ಐವತ್ತು ವರ್ಷ ಅಲ್ಲೇ ಇದ್ದವರು ಒಂದು ಕಾಗದ ಮಾಡಿಸಿಕೊಳ್ಳಬಾರದಿತ್ತಾ?’ ಹಾಗೆ ಕೇಳಿದರೆ ತಪ್ಪೆಲ್ಲ ಅವರದ್ದೇ ಎಂದಾಗುತ್ತದೆ ಅಲ್ವಾ? ಅದಕ್ಕೇ ಬಿಡಿಸಿ ಹೇಳಬೇಕು.

1948ರ ಜೂನ್ 22ರಂದು ‘ಎಂಪೈರ್ ವಿಂಡ್‌ರಶ್’ ಹಡಗಿನಿಂದ ಲಂಡನ್ ಹತ್ತಿರದ ಟಿಲ್ಬರಿ ಬಂದರಿನಲ್ಲಿ ಇಳಿದವರಲ್ಲಿ 800ಕ್ಕೂ ಜಾಸ್ತಿ ಮಂದಿ ಕೆರಿಬಿಯನ್ ಕಡೆಯಿಂದ ಬಂದಿದ್ದರು. ಅವರಿಗೆ ವೀಸಾ ಬೇಕಿರಲಿಲ್ಲ. ಬ್ರಿಟಿಷ್ ಪ್ರಜೆಗಳಾಗಿಯೇ ಬಂದರು. ಅದೇ ವರ್ಷ ಪಾಸಾದ ಕಾಯ್ದೆ ಬ್ರಿಟನ್ನಿಗೂ ಅದರ ವಸಾಹತುಗಳಿಗೂ ಸೇರಿಸಿ ಒಂದೇ ಪೌರತ್ವ ಕೊಟ್ಟಿತು.

ಪೌರತ್ವ ಸಿಕ್ಕಿತು, ಆದರೆ ಎಲ್ಲ ಕೆಲಸಗಳೂ ಸಿಗಲಿಲ್ಲ. 1963ರ ಬ್ರಿಸ್ಟಲ್ ನೋಡಿ. ಅಲ್ಲಿನ ಬಸ್ ಕಂಪನಿ ಕಪ್ಪು ಜನರನ್ನು ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಅಲ್ಲಿನ ಯುವಜನ ಕಾರ್ಯಕರ್ತ ಪಾಲ್ ಸ್ಟೀಫನ್‌ಸನ್ ಫೋನ್ ಮಾಡಿ, ಕೆಲಸ ಖಾಲಿ ಇದೆ ಎಂದು ಖಚಿತ ಮಾಡಿಕೊಂಡು, ಗೈ ಬೈಲಿ ಎಂಬ ಹುಡುಗನನ್ನು ಸಂದರ್ಶನಕ್ಕೆ ಕಳಿಸಿದರು. ಬಂದವನು ವೆಸ್ಟ್ ಇಂಡಿಯನ್ ಎಂದು ತಿಳಿದ ಕೂಡಲೇ ಸಂದರ್ಶನವೇ ರದ್ದು. ಇದು ಆಗ ಕಾನೂನುಬಾಹಿರವೂ ಆಗಿರಲಿಲ್ಲ! ಅಲ್ಲಿನ ಕೆರಿಬಿಯನ್ ಹೋರಾಟಗಾರ ರಾಯ್ ಹ್ಯಾಕೆಟ್ ಮತ್ತು ಜೊತೆಯವರು ಬಸ್ ಹತ್ತುವುದನ್ನೇ ನಿಲ್ಲಿಸಿ ಎಂದು ಊರಿಗೆ ಕರೆ ಕೊಟ್ಟರು. ತಿಂಗಳುಗಟ್ಟಲೆ ಹೋರಾಟ ನಡೆಯಿತು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಆಮೇಲೆ ಅಲ್ಲಿ ಬಿಳಿಯರಲ್ಲದ ಮೊದಲ ಕಂಡಕ್ಟರ್ ಆದವರು ಒಬ್ಬ ಸಿಖ್ಖರು, ರಘಬೀರ್ ಸಿಂಗ್. ಕೆರಿಬಿಯನ್ ಜನ ಬೀದಿಗಿಳಿದು ತೆರೆಸಿದ ಬಾಗಿಲಲ್ಲಿ ನಮ್ಮವರೂ ಒಳಗೆ ಹೋದರು. ಇದನ್ನು ನಾವು ನೆನೆಯುವುದು ತುಂಬಾ ಕಡಿಮೆ. 1965ರಲ್ಲಿ ಬಂದ ಮೊದಲ ಜನಾಂಗ ಸಂಬಂಧ ಕಾಯ್ದೆಯ ಹಿಂದೆ ಈ ಹೋರಾಟದ ಒತ್ತಡವೂ ಇತ್ತು. ಆದರೆ ಉದ್ಯೋಗದಲ್ಲಿನ ತಾರತಮ್ಯ ಕಾನೂನಿನಡಿ ಬಂದದ್ದು 1968ರಲ್ಲಿ.

ಈಗ ಕಾಗದದ ವಿಷಯ. 1962ರಲ್ಲಿ ಜಮೈಕಾ ಸ್ವತಂತ್ರವಾಯಿತು, 1966ರಲ್ಲಿ ಬಾರ್ಬಡೋಸ್. ಬರ್ಮಿಂಗ್‌ಹ್ಯಾಮ್‌ನಲ್ಲಿ ಶಾಲೆಗೆ ಹೋಗುತ್ತಿದ್ದ ಮಗು ಇದ್ದಲ್ಲೇ ಇತ್ತು, ಪೌರತ್ವ ಮಾತ್ರ ಬದಲಾಯಿತು. ಎಷ್ಟೋ ಮಕ್ಕಳು ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲೇ ಬಂದಿದ್ದರಿಂದ ಅವರ ಹೆಸರಲ್ಲಿ ಬೇರೆ ದಾಖಲೆಯೇ ಇರಲಿಲ್ಲ. 1971ರ ವಲಸೆ ಕಾಯ್ದೆ 1973ರ ಜನವರಿ 1ರಿಂದ ಜಾರಿಯಾದಾಗ, ಆಗಲೇ ನೆಲೆಸಿದ್ದವರಿಗೆಲ್ಲ ಶಾಶ್ವತವಾಗಿ ಇರುವ ಹಕ್ಕು ತಾನಾಗೇ ಸಿಕ್ಕಿತು. ಅರ್ಜಿ ಹಾಕಬೇಕಿರಲಿಲ್ಲ. ಹಾಗಾಗಿ ಯಾರೂ ಕಾಗದ ಕೊಡಲಿಲ್ಲ, ಪಟ್ಟಿಯನ್ನೂ ಇಟ್ಟುಕೊಳ್ಳಲಿಲ್ಲ. ಕಾನೂನೇ ‘ನಿನಗೆ ಹಕ್ಕಿದೆ’ ಎಂದ ಮೇಲೆ ಸುಮ್ನೆ ಯಾರು ಕಚೇರಿಗೆ ಅಲೆಯುತ್ತಾರೆ ಹೇಳಿ?

2012ರಿಂದ ಸರ್ಕಾರ ಅಕ್ರಮ ವಲಸಿಗರಿಗೆ ಬದುಕೇ ಕಷ್ಟವಾಗಬೇಕು ಎಂಬ ನೀತಿ ಹಿಡಿಯಿತು. 2014, 2016ರ ಕಾಯ್ದೆಗಳ ನಂತರ ಮನೆ ಮಾಲೀಕರು, ಬ್ಯಾಂಕಿನವರು ಕೂಡ ದಾಖಲೆ ಕೇಳುವಂತಾಯಿತು. ಸಾಬೀತು ಮಾಡುವ ಹೊರೆ ಪೂರ್ತಿ ಆ ಮುದುಕರ ತಲೆಗೆ ಬಿತ್ತು. ಬ್ರಿಟನ್ನಿನಲ್ಲಿ ಕಳೆದ ಒಂದೊಂದು ವರ್ಷಕ್ಕೂ ಪುರಾವೆ ಬೇಕು ಎಂದರು. ಮುಚ್ಚಿಹೋದ ಶಾಲೆಯ ದಾಖಲಾತಿ ಪುಸ್ತಕ ಎಲ್ಲಿಂದ ತರುವುದು? ಬಂದ ದಿನವನ್ನು ತೋರಿಸಬಹುದಾಗಿದ್ದ ಹಳೆಯ ಲ್ಯಾಂಡಿಂಗ್ ಕಾರ್ಡುಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು. ಜೀವಮಾನವೆಲ್ಲ ತೆರಿಗೆ ಕಟ್ಟಿದವರು ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡರು. ಕೆಲವರನ್ನು ಬಂಧಿಸಿದರು, ಕೆಲವರನ್ನು ದೇಶದಿಂದಲೇ ಹೊರಗೆ ಹಾಕಿದರು. 2018ರ ಏಪ್ರಿಲ್‌ನಲ್ಲಿ ಪ್ರಧಾನಿ ಕ್ಷಮೆ ಕೇಳಿದರು, ಗೃಹ ಸಚಿವೆ ರಾಜೀನಾಮೆ ಕೊಟ್ಟರು. 2019ರಲ್ಲಿ ಪರಿಹಾರ ಯೋಜನೆ ಶುರುವಾಯಿತು. ಹಣ ಕೈಸೇರುವ ಮೊದಲೇ ತೀರಿಕೊಂಡವರಿದ್ದಾರೆ. ಇದನ್ನು ಅನ್ಯಾಯ ಎನ್ನದೆ ನಾನು ಬೇರೇನೂ ಹೇಳಲಾರೆ.

ಇನ್ನೊಂದು ಮಾತು. ಬ್ರಿಟನ್ನಿನಲ್ಲಿ ಇರುವ ಹಕ್ಕಿಗೆ ದಾಖಲೆ ಕೊಡುವ ‘ವಿಂಡ್‌ರಶ್ ಯೋಜನೆ’ ಕೆರಿಬಿಯನ್ ಮೂಲದವರಿಗಷ್ಟೇ ಅಲ್ಲ. 1973ಕ್ಕೆ ಮೊದಲು ಬಂದು ನೆಲೆಸಿದ ಬೇರೆ ಕಾಮನ್‌ವೆಲ್ತ್ (ಹೆಚ್ಚಾಗಿ ಹಿಂದೆ ಬ್ರಿಟಿಷ್ ಆಳ್ವಿಕೆಯಲ್ಲಿದ್ದ) ದೇಶಗಳವರಿಗೂ ಅನ್ವಯಿಸುತ್ತದೆ, ಭಾರತದವರೂ ಸೇರಿ. ಅರ್ಜಿಗೆ ಶುಲ್ಕವಿಲ್ಲ. ನಿಮ್ಮ ಮನೆಯ ಹಿರಿಯರು ಯಾರಾದರೂ ಆಗ ಹೋಗಿದ್ದು, ಇವತ್ತಿಗೂ ಹಳೆಯ ಪಾಸ್‌ಪೋರ್ಟ್ ಒಂದನ್ನೇ ನಂಬಿಕೊಂಡಿದ್ದರೆ, ನ್ಯಾಷನಲ್ ಇನ್ಶೂರೆನ್ಸ್ ದಾಖಲೆಯನ್ನು (ಕೆಲಸ ಮಾಡಿದ ವರ್ಷಗಳಲ್ಲಿ ಕಟ್ಟಿದ ವಂತಿಗೆಯ ಲೆಕ್ಕ) ಈಗಲೇ ತರಿಸಿ ಇಟ್ಟುಕೊಳ್ಳಲು ಹೇಳಿ.